ಹೆತ್ತವರ ಹರಕೆ, ಮಗನ ತಪಸ್ಸು



ಸಾಗರ ಪೇಟೆಯಿಂದ ಹತ್ತು ಕಿಲೋಮೀಟರಿನೊಳಗೆ ಅಡಿಕೆ ತೋಟ, ಕಾಡು, ಗುಡ್ಡಗಳ ನಡುವೆ ಇರುವ ವರದಹಳ್ಳಿ ಅಥವಾ ವರದಪುರ ಕ್ಷೇತ್ರಕ್ಕೆ ಬರುವ ಯಾತ್ರಾರ್ಥಿಗಳು ಮೊದಲು ಶ್ರೀ ದುರ್ಗಾಂಬೆಯ ದರ್ಶನ ಮಾಡುತ್ತಾರೆ. ಶ್ರೀಧರ ತೀರ್ಥದಲ್ಲಿ ಕೈಕಾಲು ತೊಳೆದು, ತಲೆಗೆ ನೀರು ಚಿಮುಕಿಸಿಕೊಂಡು, ಮೆಟ್ಟಿಲು ಹತ್ತಿ ಆಶ್ರಮಕ್ಕೆ ಬಂದು ಭಗವಾನ್ ಶ್ರೀ ಶ್ರೀಧರ ಸ್ವಾಮಿಗಳ ಸಮಾಧಿಗೆ ತಲೆಬಾಗುತ್ತಾರೆ. ಸ್ವಾಮಿಗಳ ತಪಸ್ಸು, ಅವರ ಸಂಚಾರ, ಅವರು ಬಡಬಗ್ಗರ ಮೇಲೆ ತೋರಿಸಿದ ಕರುಣೆ ಇವೆಲ್ಲ ಭಕ್ತರಿಗೆ ಗೊತ್ತಿರುವ ವಿಷಯಗಳೇ. ಆದರೆ ಈ ಮಹಾತ್ಮರು ಭೂಮಿಗೆ ಬಂದದ್ದು ಒಬ್ಬ ತಂದೆ, ಒಬ್ಬ ತಾಯಿ ಕೂಡಿ ಮಾಡಿದ ಪ್ರಾರ್ಥನೆಯಿಂದ ಎಂಬುದನ್ನು, ಆ ಪ್ರಾರ್ಥನೆಯ ಸಾಲವನ್ನು ಮಗ ಯಾವ ರೀತಿ ತೀರಿಸಿದರು ಎಂಬುದನ್ನು ನಿಧಾನವಾಗಿ ಕೂತು ಯೋಚಿಸಿದವರು ಕಡಿಮೆ.

ಯಾವ ಕ್ಷೇತ್ರದ ಸೇವಾ ಕೌಂಟರಿನಲ್ಲಿ ನೋಡಿದರೂ ತಂದೆ ತಾಯಿ ಹೆಸರಿನಲ್ಲಿ ಚೀಟಿ ಬರೆಸುವವರು ಇದ್ದೇ ಇರ್ತಾರೆ. ಕೆಲವರು ಆರೋಗ್ಯಕ್ಕಾಗಿ, ಕೆಲವರು ತೀರಿಹೋದವರ ನೆನಪಿಗಾಗಿ ಬರೆಸುತ್ತಾರೆ. ಇನ್ನು ಕೆಲವರು ಸ್ವಲ್ಪ ಹಿಂಜರಿದು, ದನಿ ತಗ್ಗಿಸಿ ಹೇಳಿಕೊಳ್ಳುವ ಬೇಡಿಕೆ ಬೇರೆ. ಅಪ್ಪನಿಗೆ ದೇವರು ಅಂದರೆ ಆಗುವುದಿಲ್ಲ, ಅಮ್ಮ ಒಂದು ದುಃಖದಲ್ಲಿ ದೇವರ ಮನೆಯ ದೀಪವನ್ನೇ ಬಿಟ್ಟಿದ್ದಾಳೆ, ವಯಸ್ಸಾಯಿತು, ಮನಸ್ಸು ಭಗವಂತನ ಕಡೆ ತಿರುಗಬೇಕು ಎಂಬುದು ಅವರ ಹಂಬಲ. ಹಣಕ್ಕಾಗಿ, ಕೆಲಸಕ್ಕಾಗಿ ಬೇಡುವಾಗ ಇಲ್ಲದ ಸಂಕೋಚ ಇದಕ್ಕೆ ಇರುತ್ತದೆ. ಮಕ್ಕಳು ಹೆತ್ತವರಿಗೆ ದಾರಿ ತೋರಿಸಬಹುದೇ, ಅದು ಅಧಿಕಪ್ರಸಂಗವಾಗುವುದಿಲ್ಲವೇ ಅಂತ ಅವರಿಗೇ ಅನುಮಾನ. ಅಂಥವರು ಸ್ವಾಮಿಗಳ ಚರಿತ್ರೆಯನ್ನೂ, ಅವರ ಗುರುಪರಂಪರೆಯ ಕಥೆಗಳನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಗಾಣಗಾಪುರದ ಹರಕೆ

ಇಂದಿನ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಲಾಡ್ ಚಿಂಚೋಳಿ ಎಂಬ ಗ್ರಾಮ. ಆ ಕಾಲಕ್ಕೆ ಅದು ಹೈದರಾಬಾದಿನ ನಿಜಾಮರ ಆಡಳಿತಕ್ಕೆ ಸೇರಿತ್ತು. ಸ್ವಾಮಿಗಳ ತಂದೆ ನಾರಾಯಣರಾಯರು, ತಾಯಿ ಕಮಲಾಬಾಯಿ. ಮನೆಮಾತು ಮರಾಠಿ. ದಂಪತಿಗಳು ಆಚಾರವಂತರು, ದತ್ತಭಕ್ತರು. ಮಕ್ಕಳಿದ್ದರೂ ಕುಲವನ್ನು ಉದ್ಧಾರ ಮಾಡುವಂಥ ಒಬ್ಬ ಮಗ ಹುಟ್ಟಬೇಕು ಎಂಬ ಆಸೆ ಅವರಲ್ಲಿ ಬಲವಾಗಿತ್ತು. ಆ ಆಸೆ ಹೊತ್ತು ಅವರು ಗಾಣಗಾಪುರಕ್ಕೆ ಹೋಗಿ ಶ್ರೀ ದತ್ತಾತ್ರೇಯರ ಸೇವೆಗೆ ನಿಂತರು.

ಗಾಣಗಾಪುರಕ್ಕೆ ಹೋಗಿ ಬಂದವರಿಗೆ ಅಲ್ಲಿನ ಕ್ರಮ ಗೊತ್ತಿರುತ್ತದೆ. ಭೀಮಾ, ಅಮರಜಾ ನದಿಗಳು ಕೂಡುವ ಸಂಗಮದಲ್ಲಿ ಸ್ನಾನ. ಶ್ರೀ ನೃಸಿಂಹ ಸರಸ್ವತಿಗಳ ನಿರ್ಗುಣ ಪಾದುಕೆಗಳ ದರ್ಶನ. ಆಮೇಲೆ ಐದು ಮನೆಗಳ ಮುಂದೆ ಜೋಳಿಗೆ ಹಿಡಿದು ಮಾಧುಕರಿ ಬೇಡುವುದು. ಮನೆಯಲ್ಲಿ ಎಷ್ಟೇ ಆಸ್ತಿ ಇರಲಿ, ಊರಲ್ಲಿ ಎಷ್ಟೇ ದೊಡ್ಡ ಮನುಷ್ಯನಿರಲಿ, ಅಲ್ಲಿ ಎಲ್ಲರೂ ಭಿಕ್ಷುಕರೇ. ಬೇಡಿದ ರೊಟ್ಟಿ ತಿಂದು, ಗುರುಚರಿತ್ರೆ ಪಾರಾಯಣ ಮಾಡಿ, ಬಂದ ಕಾರಣವನ್ನು ದತ್ತನ ಪಾದಕ್ಕೆ ಹಾಕಿ ಸುಮ್ಮನಿರಬೇಕು. ಕುಲೋದ್ಧಾರಕ ಮಗನನ್ನು ಬೇಡಿಕೊಂಡು ಸೇವೆ ಮಾಡಿದ ಈ ದಂಪತಿಗಳಿಗೆ ದತ್ತನ ಅನುಗ್ರಹವಾಯಿತು ಎಂದು ಭಕ್ತರು ನಂಬುತ್ತಾರೆ. ಹಾಗೆ ನಂಬುವುದಕ್ಕೆ ಕಾರಣವೂ ಇದೆ. 1908ರ ಡಿಸೆಂಬರ್ 7, ಸೋಮವಾರ, ಮಾರ್ಗಶಿರ ಹುಣ್ಣಿಮೆ. ಅಂದು ದತ್ತ ಜಯಂತಿ. ಲಾಡ್ ಚಿಂಚೋಳಿಯಲ್ಲಿ ಮಗು ಹುಟ್ಟಿತು. ಶ್ರೀಧರ ಎಂದು ಹೆಸರಿಟ್ಟರು.

ಇನ್ನೊಂದು ಸಂಗತಿ. ಮುಂದೆ ಶ್ರೀಧರರು ಯಾರನ್ನು ಗುರುವೆಂದು ನಂಬಿದರೋ ಆ ಸಮರ್ಥ ರಾಮದಾಸರು ಹುಟ್ಟಿದ್ದು 1608ರಲ್ಲಿ. ಸರಿಯಾಗಿ ಮುನ್ನೂರು ವರ್ಷ ಹಿಂದೆ.

ತಾಯಿಯ ಮಡಿಲು

ಬೇಡಿ ಪಡೆದ ಮಗನ ಏಳಿಗೆಯನ್ನು ನೋಡುವ ಭಾಗ್ಯ ತಂದೆಗೆ ಇರಲಿಲ್ಲ. ಶ್ರೀಧರನು ಇನ್ನೂ ಎಳೆಯ ಮಗುವಾಗಿದ್ದಾಗಲೇ ನಾರಾಯಣರಾಯರು ತೀರಿಕೊಂಡರು. ಕಮಲಾಬಾಯಿಯವರು ಮಕ್ಕಳನ್ನು ಕಟ್ಟಿಕೊಂಡು ಸಂಸಾರ ನಡೆಸಿದರು. ನೂರು ವರ್ಷದ ಹಿಂದೆ ವಿಧವೆಯೊಬ್ಬಳು ಮಕ್ಕಳನ್ನು ಬೆಳೆಸುವುದು ಅಂದರೆ ಏನು ಅಂತ ಈಗಿನವರಿಗೆ ಹೇಳಿದರೂ ಪೂರ್ತಿ ಅರ್ಥವಾಗಲಿಕ್ಕಿಲ್ಲ. ನೆಂಟರ ಮನೆಯ ಮರ್ಜಿ ಕಾಯಬೇಕು. ಹಬ್ಬ ಹುಣ್ಣಿಮೆಗೆ ಹಿಂದೆ ನಿಲ್ಲಬೇಕು. ಅಷ್ಟಾದರೂ ಆ ತಾಯಿ ದೇವರನ್ನು ಬಿಡಲಿಲ್ಲ, ದೂರಲೂ ಇಲ್ಲ. ಮಕ್ಕಳಿಗೆ ಪುರಾಣದ ಕಥೆ ಹೇಳಿ, ರಾಮನಾಮ ಹೇಳಿಕೊಟ್ಟು ಬೆಳೆಸಿದರು.

ಮಗನಿಗೆ ಆ ನಾಮ ಹಿಡಿಸಿಬಿಟ್ಟಿತು. ಶಾಲೆಯ ಪುಸ್ತಕಕ್ಕಿಂತ ರಾಮನಾಮದ ಮೇಲೇ ಹೆಚ್ಚು ನಂಬಿಕೆ ಇಟ್ಟು, ಓದದೆ ಜಪ ಮಾಡಿಕೊಂಡೇ ಪರೀಕ್ಷೆಗೆ ಹೋಗಿ ಪಾಸಾಗಿ ಬಂದ ಕಥೆಯನ್ನು ಹಿರಿಯ ಭಕ್ತರು ಈಗಲೂ ನಗುತ್ತಾ ಹೇಳ್ತಾರೆ. (ಈ ಕಥೆ ಕೇಳಿದ ಮಕ್ಕಳು ತಾವೂ ಪುಸ್ತಕ ಮುಚ್ಚಿಡುವುದಕ್ಕೆ ಇದನ್ನೇ ನೆಪ ಮಾಡಬಾರದು. ಆ ನಂಬಿಕೆಯ ನಾಲ್ಕಾಣೆಯಷ್ಟಾದರೂ ನಮಗೆ ಬಂದಮೇಲೆ ನೋಡೋಣ.) ಮುಂದೆ ನಾಡೆಲ್ಲ ತಿರುಗಿ ಸಾವಿರಾರು ಜನರಿಗೆ ಹದಿಮೂರಕ್ಷರದ ರಾಮಮಂತ್ರ ಕೊಟ್ಟ ಸ್ವಾಮಿಗಳಿಗೆ ಆ ರಾಮನ ಹೆಸರು ಮೊದಲು ಬಂದದ್ದು ತಾಯಿಯ ಬಾಯಿಂದ ಎಂಬುದನ್ನು ಮರೆಯಬಾರದು.

ಆ ಮನೆಗೆ ಸಾವು ಒಂದೇ ಸಲ ಬಂದು ಸುಮ್ಮನಾಗಲಿಲ್ಲ. ತಂದೆಯ ನಂತರ ಒಡಹುಟ್ಟಿದವರ ಸಾವನ್ನೂ ಹುಡುಗ ಕಂಡ. ಕೊನೆಗೆ ತಾಯಿಯೂ ಹೋದರು. ಮೀಸೆ ಮೂಡುವ ವಯಸ್ಸೂ ಆಗದ ಹುಡುಗ ಆಗ ಅನಾಥ.

ದತ್ತನಿಂದ ಬೇಡಿ ಪಡೆದ ಮಗನಿಗೇ ಹೀಗಾಯಿತೇ ಅಂತ ಯಾರಿಗಾದರೂ ಅನಿಸುತ್ತದೆ. ಹೆತ್ತವರಿಗೆ ಒಂದು ತುತ್ತು ಅನ್ನ ಹಾಕುವ ವಯಸ್ಸು ಬರುವ ಮೊದಲೇ ಹೆತ್ತವರು ಇಲ್ಲ. ಸೇವೆ ಮಾಡಲು ಯಾರೂ ಉಳಿದಿಲ್ಲ. ಪಿತೃಋಣ ತೀರಿಸಬೇಕು ಅನ್ನುತ್ತದೆ ಶಾಸ್ತ್ರ. ಅದನ್ನು ತೀರಿಸುವುದು ಹೇಗೆ? ಇಂಥ ಹೊತ್ತಿನಲ್ಲಿ ಎಷ್ಟೋ ಜನ ದೇವರ ಕಡೆ ಬೆನ್ನು ಮಾಡುತ್ತಾರೆ. ಅದನ್ನು ತಪ್ಪು ಅನ್ನಲಿಕ್ಕೂ ಬಾಯಿ ಬರುವುದಿಲ್ಲ. ಶ್ರೀಧರನಿಗೆ ಮಾತ್ರ ತಾಯಿ ಬಿಟ್ಟುಹೋದ ರಾಮನಾಮವೇ ತಾಯಿಯ ಆಸ್ತಿಯಾಗಿ ಉಳಿಯಿತು.

ಮುಂದೆ ಕಲಬುರಗಿಯಲ್ಲಿ ಬಂಧುಗಳ ಮನೆಯಲ್ಲಿದ್ದು ಓದು. ಆಮೇಲೆ ಪುಣೆ. ಅಲ್ಲಿ ಹೆತ್ತವರಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಊಟ, ವಸತಿ ಕೊಟ್ಟು ಓದಿಸುತ್ತಿದ್ದ ಅನಾಥ ವಿದ್ಯಾರ್ಥಿ ಗೃಹದಲ್ಲಿ ಆಶ್ರಯ ಸಿಕ್ಕಿತು. ಓದುವುದರಲ್ಲಿ ಹುಡುಗ ಚುರುಕು, ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಓದಿ ನೌಕರಿ ಹಿಡಿದು ಮನೆ ಕಟ್ಟುವುದು ತನ್ನ ದಾರಿಯಲ್ಲ ಅಂತ ಗಟ್ಟಿಯಾಗುತ್ತಾ ಬಂತು. 1927ರ ವಿಜಯದಶಮಿಯ ದಿನ ಹತ್ತೊಂಬತ್ತು ವರ್ಷವೂ ತುಂಬದ ತರುಣ ಪುಣೆ ಬಿಟ್ಟು ಸಜ್ಜನಗಡಕ್ಕೆ ಹೊರಟ.

ಸಜ್ಜನಗಡದ ಗುರು ಮತ್ತು ಗುರುವಿನ ತಾಯಿ

ಸಾತಾರದ ಹತ್ತಿರ ಇರುವ ಸಜ್ಜನಗಡ ಒಂದು ಬೆಟ್ಟದ ಕೋಟೆ. ಸಮರ್ಥ ರಾಮದಾಸರು ತಮ್ಮ ಕೊನೆಯ ದಿನಗಳನ್ನು ಕಳೆದದ್ದೂ, 1682ರಲ್ಲಿ ದೇಹ ಬಿಟ್ಟದ್ದೂ ಅಲ್ಲಿಯೇ. ಅವರ ಸಮಾಧಿಯ ಮೇಲೆ ರಾಮಮಂದಿರವಿದೆ. ಶ್ರೀಧರನು ಅಲ್ಲಿ ಗುಡಿಸುವುದು, ನೀರು ಹೊರುವುದು ಮುಂತಾದ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಗುರುಸೇವೆ ಎಂದೇ ಮಾಡುತ್ತಾ, ಉಳಿದ ಹೊತ್ತೆಲ್ಲ ಜಪ ಧ್ಯಾನಗಳಲ್ಲಿ ಮುಳುಗಿರುತ್ತಿದ್ದ. ಇಪ್ಪತ್ತು ದಶಕ, ಇನ್ನೂರು ಸಮಾಸಗಳ ದಾಸಬೋಧ ಅಲ್ಲಿಯ ನಿತ್ಯದ ಗ್ರಂಥ. ಮುನ್ನೂರು ವರ್ಷ ಹಿಂದೆ ಹುಟ್ಟಿದ ಗುರು, ಕಣ್ಣಿಗೆ ಕಾಣದ ಗುರು. ಆದರೂ ಶಿಷ್ಯನ ಪಾಲಿಗೆ ಸಮರ್ಥರು ಅಲ್ಲಿಯೇ ಇದ್ದರು.

ಈ ಸಮರ್ಥರಿಗೂ ಅವರ ತಾಯಿಗೂ ನಡೆದ ಕಥೆಯನ್ನು ಇಲ್ಲಿ ಹೇಳಲೇಬೇಕು.

ಜಾಂಬ ಎಂಬ ಊರಿನಲ್ಲಿ ರಾಣೂಬಾಯಿಯವರ ಮಗನಾಗಿ ಹುಟ್ಟಿದ ನಾರಾಯಣನಿಗೆ ಹನ್ನೆರಡನೇ ವಯಸ್ಸಿಗೆ ಮದುವೆ ಗೊತ್ತಾಯಿತು. ಅಂತಃಪಟ ಹಿಡಿದಿದ್ದಾರೆ, ಮಂಗಳಾಷ್ಟಕ ನಡೆಯುತ್ತಿದೆ, ಪುರೋಹಿತರು ಪದ್ಧತಿಯಂತೆ ಸಾವಧಾನ ಎಂದರು. ಆ ಮಾತು ಹುಡುಗನಿಗೆ ತನ್ನನ್ನೇ ಎಚ್ಚರಿಸಿದಂತೆ ಕೇಳಿಸಿತು. ಮಂಟಪದಿಂದ ಎದ್ದು ಓಡಿದವನು ನಾಸಿಕದ ಹತ್ತಿರ ಟಾಕಳಿ ಎಂಬಲ್ಲಿ ಹನ್ನೆರಡು ವರ್ಷ ತಪಸ್ಸು ಮಾಡಿದ. ಆಮೇಲೆ ಹನ್ನೆರಡು ವರ್ಷ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ. ಇತ್ತ ತಾಯಿ ಮಗನಿಗಾಗಿ ಅತ್ತು ಅತ್ತು ಕಣ್ಣಿನ ಬೆಳಕನ್ನೇ ಕಳೆದುಕೊಂಡರು.

ಇಪ್ಪತ್ತನಾಲ್ಕು ವರ್ಷದ ನಂತರ ಒಬ್ಬ ಗೋಸಾಯಿ ಆ ಮನೆಯ ಬಾಗಿಲಲ್ಲಿ ನಿಂತು ಭಿಕ್ಷೆಗೆ ಕೂಗಿದ. ದನಿ ಕೇಳಿದ ಕೂಡಲೇ ಕುರುಡು ತಾಯಿಗೆ ಗುರುತು ಹತ್ತಿತು. ಸಮರ್ಥರು ತಾಯಿಯ ಕಣ್ಣಿನ ಮೇಲೆ ಕೈಯಾಡಿಸಿದಾಗ ದೃಷ್ಟಿ ಮರಳಿತು ಎನ್ನುತ್ತದೆ ಚರಿತ್ರೆ. ಯಾವ ಭೂತ ಹೊಕ್ಕಿತಪ್ಪಾ ನಿನ್ನ ಮೈಯಲ್ಲಿ ಅಂತ ತಾಯಿ ಬೆರಗಾಗಿ ಕೇಳಿದಾಗ, ಅಯೋಧ್ಯೆಯಲ್ಲಿ ಆಡಿದ ಆ ರಾಮನೇ ತನ್ನನ್ನು ಹಿಡಿದ ಭೂತ ಎಂದು ಮಗ ಉತ್ತರ ಕೊಟ್ಟರಂತೆ. ಆಮೇಲೆ ಕೆಲವು ಕಾಲ ಮನೆಯಲ್ಲೇ ಇದ್ದು ತಾಯಿಗೆ ಕಪಿಲಗೀತೆಯನ್ನು ಬಿಡಿಸಿ ಹೇಳಿದರು.

ಬೇರೆ ಗ್ರಂಥ ಬಿಟ್ಟು ಕಪಿಲಗೀತೆಯೇ ಯಾಕೆ? ಭಾಗವತದ ಮೂರನೇ ಸ್ಕಂಧದಲ್ಲಿ ಬರುವ ಅದು ಮಗ ತಾಯಿಗೆ ಹೇಳಿದ ಉಪದೇಶ. ಗಂಡ ಕರ್ದಮ ಋಷಿ ಮನೆ ಬಿಟ್ಟು ಹೋದಮೇಲೆ ಒಂಟಿಯಾದ ದೇವಹೂತಿಗೆ ಮಗ ಕಪಿಲನು ಭಕ್ತಿಯ ದಾರಿಯನ್ನು ತಿಳಿಸುತ್ತಾನೆ. ಗಮನಿಸಬೇಕಾದದ್ದು ಏನೆಂದರೆ, ಕಪಿಲನು ಭಗವಂತನ ಅವತಾರವೇ ಆಗಿದ್ದರೂ ತಾನಾಗಿ ತಾಯಿಗೆ ಪಾಠ ಶುರು ಮಾಡಲಿಲ್ಲ. ತಾಯಿ ಬಂದು ಕೇಳುವ ತನಕ ಹತ್ತಿರವೇ ಇದ್ದ. ಗುಜರಾತಿನ ಸಿದ್ಧಪುರದಲ್ಲಿ ಬಿಂದು ಸರೋವರವನ್ನು ಈ ತಾಯಿಮಕ್ಕಳ ಜಾಗ ಅಂತ ತೋರಿಸುತ್ತಾರೆ. ತಂದೆಯ ಶ್ರಾದ್ಧಕ್ಕೆ ಗಯಾ ಇದ್ದಂತೆ ತಾಯಿಯ ಶ್ರಾದ್ಧಕ್ಕೆ ಅದು ಮಾತೃಗಯಾ ಎಂದು ಪ್ರಸಿದ್ಧಿ.

ಆದಿಶಂಕರರದ್ದೂ ಇದೇ ಬಗೆ. ಸಂನ್ಯಾಸ ತೆಗೆದುಕೊಂಡು ಹೊರಡುವಾಗ ಕೊನೆಗಾಲಕ್ಕೆ ಬಂದೇ ಬರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದರು. ಅದರಂತೆ ಕಾಲಡಿಗೆ ಬಂದರು. ಮಾಧವೀಯ ಶಂಕರವಿಜಯದಲ್ಲಿ ಬರುವ ಕಥೆ ಹೀಗಿದೆ. ಮೊದಲು ಶಂಕರರು ತಾಯಿಗೆ ನಿರ್ಗುಣ ಬ್ರಹ್ಮದ ವಿಚಾರ ಹೇಳಿದರು. ಮುದುಕಿಗೆ ಅದು ಹತ್ತಲಿಲ್ಲ. ಆಮೇಲೆ ಶಿವನನ್ನು ಸ್ತುತಿಸಿದರು. ಶಿವಗಣಗಳು ಬಂದು ನಿಂತಾಗ ಅವರ ರೂಪ ನೋಡಿ ತಾಯಿಗೆ ಹೆದರಿಕೆ ಆಯಿತು. ಆಗ ಶಂಕರರು ತಾಯಿಯ ಮನಸ್ಸಿಗೆ ಒಗ್ಗುವ ವಿಷ್ಣುವನ್ನು ಸ್ತುತಿಸಿದರು. ವಿಷ್ಣುದೂತರನ್ನು ಕಂಡು ಆ ತಾಯಿ ನೆಮ್ಮದಿಯಿಂದ ಹೊರಟಳು. ಅದ್ವೈತವನ್ನು ಲೋಕಕ್ಕೆಲ್ಲ ಸಾರಿದ ಆಚಾರ್ಯರು ತಾಯಿಯ ಹಾಸಿಗೆಯ ಪಕ್ಕದಲ್ಲಿ ತಮ್ಮ ಸಿದ್ಧಾಂತವನ್ನು ಪಕ್ಕಕ್ಕಿಟ್ಟರು. ಅಪ್ಪ ಅಮ್ಮನಿಗೆ ಭಕ್ತಿ ಬರಲಿ ಅಂತ ಹಂಬಲಿಸುವ ಮಕ್ಕಳು ಈ ಕಥೆಯನ್ನು ಎರಡು ಸಲ ಓದಬೇಕು. ನಮಗೆ ಇಷ್ಟವಾದ ದೇವರು, ನಮಗೆ ಇಷ್ಟವಾದ ಭಜನೆ, ನಾವು ನಂಬಿದ ಗುರು ಇವನ್ನೇ ಅವರೂ ಹಿಡಿಯಬೇಕು ಅಂತ ಹಟ ಹಿಡಿಯುವುದು ಪ್ರಾರ್ಥನೆಯಲ್ಲ.

ತಂದೆಯೇ ದೇವರ ದ್ವೇಷಿಯಾದರೆ? ಅದಕ್ಕೆ ಪ್ರಹ್ಲಾದ ಇದ್ದಾನೆ. ಬೆಟ್ಟದಿಂದ ಉರುಳಿಸಿದ, ಆನೆಯಿಂದ ತುಳಿಸಿದ, ವಿಷ ಹಾಕಿಸಿದ ತಂದೆ. ನರಸಿಂಹನು ವರ ಕೇಳು ಎಂದಾಗ ಆ ಮಗು ತನಗಾಗಿ ಏನನ್ನೂ ಕೇಳದೆ, ನಿನ್ನನ್ನು ನಿಂದಿಸಿದ ಪಾಪದಿಂದ ತಂದೆ ಶುದ್ಧನಾಗಲಿ ಎಂದು ಕೇಳಿತು. ಇಪ್ಪತ್ತೊಂದು ತಲೆಮಾರಿನ ಪಿತೃಗಳೊಂದಿಗೆ ನಿನ್ನ ತಂದೆ ಪವಿತ್ರನಾದ ಎಂದು ಭಗವಂತ ಅಭಯ ಕೊಟ್ಟದ್ದು ಭಾಗವತದ ಏಳನೇ ಸ್ಕಂಧದಲ್ಲಿದೆ. ಬದುಕಿದ್ದಾಗ ಹಿರಣ್ಯಕಶಿಪು ಬದಲಾಗಲಿಲ್ಲ ಎಂಬುದೂ ನಿಜವೇ. ಮಗನ ಪ್ರಾರ್ಥನೆ ಫಲಿಸಿದ್ದು ತಂದೆ ಸತ್ತ ಮೇಲೆ.

ಈ ಹಂಬಲ ನಮ್ಮಲ್ಲಿ ಮಾತ್ರ ಇರುವುದು ಅಂತ ಅಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1891ರಲ್ಲಿ ಹುಟ್ಟಿದ ಲೌರಾ ವಿಕುನ್ಯಾ ಎಂಬ ಕ್ರೈಸ್ತ ಹುಡುಗಿಯ ಕಥೆ ಇದೆ. ತಂದೆ ಸತ್ತ ಮೇಲೆ ತಾಯಿ ಮಕ್ಕಳೊಂದಿಗೆ ಅರ್ಜೆಂಟೀನಾಕ್ಕೆ ಹೋಗಿ, ಬೇರೆ ದಾರಿ ಕಾಣದೆ ಒಬ್ಬ ಜಮೀನ್ದಾರನ ಆಶ್ರಯದಲ್ಲಿ ಮದುವೆಯಿಲ್ಲದೆ ಇದ್ದಳು, ಚರ್ಚಿನಿಂದ ದೂರವಾದಳು. ಸಂನ್ಯಾಸಿನಿಯರ ಶಾಲೆಯಲ್ಲಿ ಓದುತ್ತಿದ್ದ ಮಗಳು ತಾಯಿ ಮತ್ತೆ ದೇವರ ಕಡೆ ತಿರುಗಲಿ ಎಂದು ತನ್ನ ಜೀವವನ್ನೇ ದೇವರಿಗೆ ಒಪ್ಪಿಸಿದಳು. 1904ರ ಜನವರಿ 22ರಂದು ಹನ್ನೆರಡು ವರ್ಷಕ್ಕೆ ಕಾಯಿಲೆಯಿಂದ ಸತ್ತಳು. ಸಾಯುವ ಮುಂಚೆ ತಾಯಿಗೆ ಇದನ್ನು ತಿಳಿಸಿದಳು, ತಾಯಿ ಮನಸ್ಸು ತಿರುಗಿಸಿದಳು. 1988ರಲ್ಲಿ ಪೋಪರು ಆ ಹುಡುಗಿಯನ್ನು ಪುಣ್ಯವಂತೆ ಎಂದು ಘೋಷಿಸಿದರು. ಮತ ಬೇರೆ, ದೇಶ ಬೇರೆ. ಮಕ್ಕಳ ಹೊಟ್ಟೆಯ ಸಂಕಟ ಮಾತ್ರ ಅದೇ.

ದಕ್ಷಿಣಕ್ಕೆ ಪಯಣ, ಸಂನ್ಯಾಸ

ಸಜ್ಜನಗಡದಲ್ಲಿ ಕೆಲವು ವರ್ಷ ತಪಸ್ಸು ಮಾಡಿದ ನಂತರ ದಕ್ಷಿಣಕ್ಕೆ ಹೋಗಬೇಕೆಂಬ ಆಜ್ಞೆ ಸಮರ್ಥರಿಂದಲೇ ಆಯಿತು ಎಂಬುದು ಭಕ್ತರ ನಂಬಿಕೆ. ಕೌಪೀನಧಾರಿಯಾಗಿ, ಕೈಯಲ್ಲಿ ಕಾಸಿಲ್ಲದೆ ಹೊರಟ ತರುಣ ಗೋಕರ್ಣದ ಸೀಮೆಗೆ ಬಂದರು. ಅಲ್ಲಿಂದ ಶಿರಸಿಯ ಕಡೆಯ ಶೀಗೇಹಳ್ಳಿಗೆ ಬಂದು ಶ್ರೀ ಶಿವಾನಂದ ಸ್ವಾಮಿಗಳ ಸಾನ್ನಿಧ್ಯದಲ್ಲಿ ಇದ್ದರು. ಕೊಡಚಾದ್ರಿಯ ಮೇಲೆ ತಪಸ್ಸು ಮಾಡಿದರು. ಮಲೆನಾಡಿನ ಮಳೆ ಗೊತ್ತಿರುವವರಿಗೆ ಕೊಡಚಾದ್ರಿಯ ಮಳೆಗಾಲ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಂಬಳ, ಗಾಳಿ, ವಾರಗಟ್ಟಲೆ ಬಿಡದ ಮಂಜು. ಬಯಲುಸೀಮೆಯ ಬಿಸಿಲಲ್ಲಿ ಹುಟ್ಟಿದ ದೇಹ ಅದು. ಕನ್ನಡ ನಾಡಿನ ಈ ಮೂಲೆಯ ಜನರ ನಡುವೆ ಕನ್ನಡದಲ್ಲೇ ಉಪದೇಶ ಮಾಡುತ್ತಾ ಅವರು ಇಲ್ಲಿಯವರೇ ಆಗಿಬಿಟ್ಟರು.

1942ರ ವಿಜಯದಶಮಿಯಂದು ಶೀಗೇಹಳ್ಳಿಯಲ್ಲಿ ಸಂನ್ಯಾಸ ಸ್ವೀಕಾರವಾಯಿತು. ಮನೆ ಬಿಟ್ಟು ಹೊರಟದ್ದೂ ವಿಜಯದಶಮಿ, ಕಾವಿ ಉಟ್ಟದ್ದೂ ವಿಜಯದಶಮಿ. ನಡುವೆ ಹದಿನೈದು ವರ್ಷ.

ಸಂನ್ಯಾಸ ಅಂದರೆ ಬಟ್ಟೆ ಬದಲಿಸುವುದು ಅಂತ ತಿಳಿದವರು ಬಹಳ. ಅದಕ್ಕೆ ಮುಂಚೆ ಅಷ್ಟಶ್ರಾದ್ಧ ಎಂಬ ಕರ್ಮ ಇದೆ. ದೇವತೆಗಳು, ಋಷಿಗಳು ಮೊದಲಾಗಿ ಎಂಟು ಬಗೆಯವರಿಗೆ ಶ್ರಾದ್ಧ ಮಾಡಬೇಕು. ಅದರಲ್ಲಿ ಪಿತೃಗಳಿಗೆ ಒಂದು, ಮಾತೃಗಳಿಗೆ ಒಂದು, ಕೊನೆಯದು ತನಗೆ ತಾನೇ ಮಾಡಿಕೊಳ್ಳುವ ಆತ್ಮಶ್ರಾದ್ಧ. ಆಮೇಲೆ ವಿರಜಾ ಹೋಮ. ಅಲ್ಲಿಗೆ ಹುಟ್ಟಿದ ಮನೆ, ಗೋತ್ರ, ಹೆಸರು ಎಲ್ಲದರ ಲೆಕ್ಕ ಮುಗಿಯುತ್ತದೆ. ಸಂನ್ಯಾಸಿ ಮತ್ತೆ ವರ್ಷವರ್ಷ ತಿಥಿ ಮಾಡುವ ಹಾಗಿಲ್ಲ. ಲೆಕ್ಕ ಮುಗಿದ ಮೇಲೂ ಶಾಸ್ತ್ರ ಒಂದೇ ಒಂದು ಎಳೆ ಉಳಿಸಿದೆ. ಹೆತ್ತ ತಂದೆಯೂ ಸಂನ್ಯಾಸಿ ಮಗನಿಗೆ ನಮಸ್ಕರಿಸಬೇಕು, ಆದರೆ ಹೆತ್ತ ತಾಯಿ ಎದುರಾದರೆ ಸಂನ್ಯಾಸಿಯೇ ನಮಸ್ಕರಿಸಬೇಕು. ಶ್ರೀಧರ ಸ್ವಾಮಿಗಳಿಗೆ ನಮಸ್ಕರಿಸಲು ತಾಯಿ ಇರಲಿಲ್ಲ. ದರ್ಶನಕ್ಕೆ ಬಂದ ಹೆಣ್ಣುಮಕ್ಕಳನ್ನೆಲ್ಲ ಅವರು ತಾಯಿ ಎಂಬ ಭಾವದಿಂದಲೇ ಕಂಡರು.

ಇಲ್ಲಿ ಒಂದು ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ. ನಾರಾಯಣರಾಯರೂ ಕಮಲಾಬಾಯಿಯವರೂ ಗಾಣಗಾಪುರದಲ್ಲಿ ಜೋಳಿಗೆ ಹಿಡಿದದ್ದು ಕುಲ ಉದ್ಧಾರವಾಗಲಿ ಅಂತ. ಹಾಗೆ ಬಂದ ಮಗ ಮದುವೆಯಾಗಲಿಲ್ಲ, ಮಕ್ಕಳಾಗಲಿಲ್ಲ, ಗೋತ್ರವನ್ನೇ ಹೋಮಕ್ಕೆ ಹಾಕಿದ. ಹಾಗಾದರೆ ಹರಕೆ ಫಲಿಸಿತೇ? ಲೋಕದ ಲೆಕ್ಕದಲ್ಲಿ ನೋಡಿದರೆ ಇಲ್ಲ ಅಂತಲೇ ಹೇಳಬೇಕು. ಆದರೆ ಆ ದಂಪತಿಗಳು ಬೇಡಿದ್ದು ವಂಶ ಬೆಳೆಯಲಿ ಅಂತ ಮಾತ್ರ ಅಲ್ಲ, ಉದ್ಧಾರವಾಗಲಿ ಅಂತ. ಎರಡಕ್ಕೂ ವ್ಯತ್ಯಾಸ ಇದೆ. ಸಾವಿರಾರು ಎಕರೆ ಇದ್ದ ಎಷ್ಟೋ ದೇಶಪಾಂಡೆ, ಪಾಟೀಲ ಮನೆತನಗಳ ಮೂರನೇ ತಲೆಯ ಅಜ್ಜಿಯ ಹೆಸರು ಇವತ್ತು ಅವರ ಮೊಮ್ಮಕ್ಕಳಿಗೇ ಗೊತ್ತಿಲ್ಲ. ಕಮಲಾಬಾಯಿ ಎಂಬ ವಿಧವೆಯ ಹೆಸರನ್ನು ಅವರ ಊರಿನಿಂದ ನೂರಾರು ಮೈಲಿ ದೂರದ ಮಲೆನಾಡಿನ ಮನೆಗಳಲ್ಲಿ, ಬೇರೆ ಭಾಷೆ, ಬೇರೆ ಜಾತಿಯ ಜನ ಚರಿತ್ರೆ ಪಾರಾಯಣದ ಹೊತ್ತಿಗೆ ಕೈಮುಗಿದು ಹೇಳ್ತಾರೆ.

ವರದಪುರದಲ್ಲಿ

ಸಂನ್ಯಾಸದ ನಂತರ ಸ್ವಾಮಿಗಳ ಸಂಚಾರ ಕರ್ನಾಟಕ, ಮಹಾರಾಷ್ಟ್ರ, ಕಾಶಿ, ಹಿಮಾಲಯದವರೆಗೂ ನಡೆಯಿತು. ಗುರುಸ್ಥಾನವನ್ನು ಅವರು ಮರೆಯಲಿಲ್ಲ. 1950ರಲ್ಲಿ ಸಜ್ಜನಗಡದಲ್ಲಿ ಶ್ರೀ ಸಮರ್ಥ ಸೇವಾ ಮಂಡಲ ಹುಟ್ಟಿ, ಅಲ್ಲಿಯ ಜೀರ್ಣೋದ್ಧಾರ, ಅನ್ನದಾನ, ದಾಸಬೋಧದ ಪ್ರಚಾರಗಳಿಗೆ ಹೊಸ ಜೀವ ಬಂದದ್ದು ಅವರ ಪ್ರೇರಣೆಯಿಂದ. ಗುರುವಿನ ಮನೆಗೆ ಮಗ ಮಾಡಬೇಕಾದ ಕೆಲಸ ಅದು.

1950ರ ದಶಕದಲ್ಲಿ ಸ್ವಾಮಿಗಳು ವರದಹಳ್ಳಿಗೆ ಬಂದರು. ದುರ್ಗಾಂಬೆಯ ಪುರಾತನ ಸನ್ನಿಧಿ, ವ್ಯಾಸರು, ಅಗಸ್ತ್ಯರು ತಪಸ್ಸು ಮಾಡಿದ ಸ್ಥಳವೆಂಬ ಐತಿಹ್ಯ, ಸುತ್ತ ದಟ್ಟ ಕಾಡು, ಬತ್ತದ ನೀರು. ಇಲ್ಲಿ ಆಶ್ರಮವಾಯಿತು, ಗುಡ್ಡದ ಮೇಲೆ ಧರ್ಮಧ್ವಜ ನಿಂತಿತು, ತೀರ್ಥಕ್ಕೆ ಶ್ರೀಧರ ತೀರ್ಥ ಎಂಬ ಹೆಸರು ಬಂತು. ವರದಹಳ್ಳಿ ವರದಪುರ ಆಯಿತು.

ಆ ಕಾಲ ಈ ಸೀಮೆಗೆ ಸುಲಭದ ಕಾಲವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರೂರನ್ನೇ ನುಂಗಿತು. ಅಜ್ಜ ನೆಟ್ಟ ತೋಟ, ಅಪ್ಪ ಕಟ್ಟಿದ ಮನೆ, ಹಿರಿಯರನ್ನು ಸುಟ್ಟ ಜಾಗ ಎಲ್ಲ ನೀರಿನ ಅಡಿಗೆ ಹೋಯಿತು. ಊರು ಬಿಟ್ಟ ಜನ ದೇವರ ಪೆಟ್ಟಿಗೆ, ಹಿರಿಯರ ಪಟ ಇಷ್ಟನ್ನು ಹೊತ್ತು ಬೇರೆ ಕಡೆ ಹೋಗಿ ನೆಲೆಯಾದರು. ಸ್ವಂತ ಊರು, ಸ್ವಂತ ಮನೆ, ಹೆತ್ತವರು ಎಲ್ಲವನ್ನೂ ಕಳೆದುಕೊಂಡ ಮೇಲೂ ನಗುಮುಖದಲ್ಲಿದ್ದ ಒಬ್ಬರು ಈ ಗುಡ್ಡದ ಮೇಲೆ ಇದ್ದರು ಎಂಬುದೇ ಆ ಕಾಲದ ಎಷ್ಟೋ ಜನರಿಗೆ ಧೈರ್ಯ. ಮಲೆನಾಡಿನ ಮನೆಗಳ ಗೋಡೆಯ ಮೇಲೆ ಈಗಲೂ ತೀರಿಹೋದ ಅಪ್ಪ ಅಮ್ಮನ ಫೋಟೋ ಪಕ್ಕದಲ್ಲೇ ಸ್ವಾಮಿಗಳ ಪಟ ತೂಗುಹಾಕಿರುವುದನ್ನು ನೋಡಬಹುದು.

ಈ ಕ್ಷೇತ್ರದಲ್ಲಿ ಹೆತ್ತವರಿಗಾಗಿ ಬೇಡಿಕ�ೊಳ್ಳಲು ಪ್ರತ್ಯೇಕ ವಿಧಿ ಅಂತ ಹುಡುಕಬೇಕಾಗಿಲ್ಲ. ಸಂಕಲ್ಪದಲ್ಲಿ ಅವರ ಹೆಸರು, ಗೋತ್ರ, ನಕ್ಷತ್ರ ಹೇಳಿದರೆ ಆಯಿತು. ನಕ್ಷತ್ರ ಗೊತ್ತಿಲ್ಲದ ಮಕ್ಕಳು ಈಗ ಅಲ್ಲಿಂದಲೇ ಮೊಬೈಲಿನಲ್ಲಿ ಮನೆಗೆ ಕೇಳುತ್ತಾರೆ. ಪೂಜೆ ಗೀಜೆ ಎಲ್ಲ ನನಗೆ ಬೇಡ ಅಂತ ಬೈಯುವ ಅಪ್ಪಂದಿರೂ ಉತ್ತರಾಭಾದ್ರಾ ಎರಡನೇ ಪಾದ ಅಂತ ಸ್ಪಷ್ಟವಾಗಿ ಹೇಳಿ ಫೋನ್ ಇಡುವುದುಂಟು. ಅಷ್ಟು ಹೇಳಿದರಲ್ಲ, ಅದನ್ನೇ ಹಿಡಿದುಕೊಂಡು ಪ್ರಾರ್ಥನೆ ಮಾಡಬಹುದು. ಸ್ನಾನ ಮಾಡಿ, ಹದಿಮೂರಕ್ಷರದ ಮಂತ್ರವನ್ನು ಹೆತ್ತವರ ಹೆಸರಿನಲ್ಲಿ ನೂರೆಂಟು ಸಲ ಜಪಿಸಿ, ಮನೆಗೆ ಹೋಗಿ ಅವರ ಕಾಲಿಗೆ ಬೀಳಬೇಕು. ಪ್ರಸಾದ ಕೊಟ್ಟು ಸುಮ್ಮನಿರಬೇಕು. ಉಪದೇಶ ಬೇಡ. ಒಂದು ವರ್ಷಕ್ಕೆ ಫಲ ಕಾಣಲಿಲ್ಲ ಅಂತ ಬೇಸರವೂ ಬೇಡ, ಸಮರ್ಥರು ತಾಯಿಯ ಬಾಗಿಲಿಗೆ ಬರಲಿಕ್ಕೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಹೆತ್ತವರು ಈಗಾಗಲೇ ಹೋಗಿಬಿಟ್ಟಿದ್ದರೆ, ನಂಬದೆ ಹೋದರಲ್ಲ ಎಂಬ ಕೊರಗು ಮನಸ್ಸಿನಲ್ಲಿದ್ದರೆ, ಪ್ರಹ್ಲಾದನ ಕಥೆಯನ್ನು ನೆನಪಿಸಿಕೊಂಡು ಅದೇ ಸಂಕಲ್ಪ ಮಾಡಬಹುದು. ಹತ್ತಿರದ ಗೋಕರ್ಣಕ್ಕೆ ಹೋಗಿ ಪಿತೃಕಾರ್ಯ ಮಾಡಿ ಬರುವವರೂ ಇದ್ದಾರೆ.

ಕೊನೆಯ ವರ್ಷಗಳಲ್ಲಿ ಸ್ವಾಮಿಗಳು ವರದಪುರದಲ್ಲಿ ಹೆಚ್ಚಾಗಿ ಏಕಾಂತದಲ್ಲೇ ಇದ್ದರು. ದರ್ಶನ ಅಪರೂಪವಾಯಿತು. ದೂರದಿಂದ ಬಂದವರು ಕುಟೀರದ ಕಡೆ ಕೈಮುಗಿದು ಹೋಗುವುದಾಯಿತು. 1973ರ ಏಪ್ರಿಲ್ 19, ಗುರುವಾರ, ಚೈತ್ರ ಬಹುಳ ಬಿದಿಗೆಯಂದು ಅವರು ಮಹಾಸಮಾಧಿ ಹೊಂದಿದರು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಪ್ರತಿ ವರ್ಷ ಆ ತಿಥಿಗೆ ಆರಾಧನೆ, ಮಾರ್ಗಶಿರ ಹುಣ್ಣಿಮೆಗೆ ದತ್ತ ಜಯಂತಿಯೊಡನೆ ಸ್ವಾಮಿಗಳ ಜಯಂತಿ.

ಮೆಟ್ಟಿಲು ಹತ್ತಲಾರದ ಹಿರಿಯರನ್ನು ಕೆಳಗೆ ದುರ್ಗಾಂಬೆಯ ಗುಡಿಯ ಹತ್ತಿರ ಕೂರಿಸಿ ಮಕ್ಕಳು ಮಾತ್ರ ಮೇಲೆ ಹೋಗಿ ಬರುವುದೂ ಇದೆ, ಬರುವುದಿಲ್ಲ ಎಂದು ಮನೆಯಲ್ಲೇ ಉಳಿದವರಿಗಾಗಿ ಶ್ರೀಧರ ತೀರ್ಥವನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುವುದೂ ಇದೆ. ತೊಳೆದ ಬಾಟಲಿ ತಂದರೆ ಸಾಕು.